ಟೆರಾಫ್ಲಾಪ್ ಆಮ್ಯಾಲ, ಮೊದಲ ಟಿವಿ ನೋಡ್ರಿ: ಪಿಎಸ್5, ಎಕ್ಸ್‌ಬಾಕ್ಸ್, ಸ್ವಿಚ್ 2ರಾಗ ಯಾವುದು ತಗೋಬೇಕು

ಭತ್ತದ ರಾಶಿ ಮುಗಿದು ಕೈಯಾಗ ನಾಕ ರೊಕ್ಕ ಬಂತಂದ್ರ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹುಡುಗ್ರು ಕನ್ಸೋಲ್, ಅಂದ್ರ ಗೇಮ್ ಆಡೋ ಮಷೀನಿನ ಸುದ್ದಿ ತಗೀತಾರ. ಎಲ್ಲಾರೂ ಕೇಳೋದು ಒಂದ ಮಾತು: ಅಣ್ಣಾ, ಯಾವುದರಾಗ ಗ್ರಾಫಿಕ್ಸ್ ಭಾರಿ ಅದಾವ? ಒಂದ ಸಾಲಿನ್ಯಾಗ ಉತ್ರ ಬೇಕಂದ್ರ ಹೇಳಿಬಿಡ್ತೀನಿ. ಲೆಕ್ಕದಾಗ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮುಂದ ಐತಿ, ಆಡಾಕ ಕುಂತ್ರ ಸೋನಿಯ ಪಿಎಸ್5 ಅದಕ್ಕ ಸರಿಸಮ, ಎಕ್ಸ್‌ಬಾಕ್ಸಿನ ಸಣ್ಣ ಮಷೀನು ಸೀರೀಸ್ ಎಸ್ ಇವೆರಡಕ್ಕಿಂತ ಭಾಳ ಕೆಳಗ, ನಿಂಟೆಂಡೊದ ಸ್ವಿಚ್ 2 ಕೈಯಾಗ ಹಿಡ್ಕೊಂಡು ಆಡೋ ಮಷೀನು, ಅದರ ದಾರಿನ ಬ್ಯಾರೆ. ಆದ್ರ ಈ ಉತ್ರದಿಂದ ನಿಮಗ ಮೂರು ಕಾಸಿನ ಉಪಯೋಗ ಇಲ್ಲ, ಯಾಕಂದ್ರ ಮನ್ಯಾಗಿನ ಟಿವಿ ಯಾವುದು, ಕನ್ಸೋಲ್ ಇಡೋ ಖೋಲಿ ಎಂಥಾದ್ದು, ನೆಟ್ ಎಷ್ಟು ಸ್ಪೀಡ್ ಬರ್ತೈತಿ ಅಂತ ನೀವಿನ್ನೂ ಹೇಳೇ ಇಲ್ಲ. ಐವತ್ತು ಸಾವಿರದ ಮಷೀನು ತಂದು ಹಳೇ 32 ಇಂಚಿನ ಎಚ್‌ಡಿ ರೆಡಿ ಟಿವಿಗೆ ಹಚ್ಚಿದ್ರ ಆ ಪವರಿನ್ಯಾಗ ಮುಕ್ಕಾಲು ಪಾಲು ಕಣ್ಣಿಗೆ ಕಾಣಂಗೇ ಇಲ್ಲ.

ಟೆರಾಫ್ಲಾಪ್, ಅಂದ್ರ ಮಷೀನು ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡ್ತೈತಿ ಅನ್ನೋ ನಂಬರು, ಅದನ್ನ ಮೊದಲ ಮುಗಿಸಿಬಿಡೋಣ, ಯಾಕಂದ್ರ ಹುಡುಗ್ರ ಜಗಳ ಎಲ್ಲಾ ಅಲ್ಲೇ ಶುರು ಆಗ್ತೈತಿ. ಪಿಎಸ್5 10.28, ಸೀರೀಸ್ ಎಕ್ಸ್ 12.15, ಸೀರೀಸ್ ಎಸ್ 4, ಹೋಲಿಸಾಕ ಬೇಕಂದ್ರ 2013ರ ಪಿಎಸ್4 1.84. ಈ ನಂಬರು ಯಾರೂ ಗೇಮ್ ಆಡಿ ಅಳೆದದ್ದಲ್ಲ, ಬರೇ ಗುಣಾಕಾರ. ಚಿತ್ರ ಬಿಡಿಸೋ ಜಿಪಿಯು ಚಿಪ್ಪಿನ ಒಳಗ ಕಂಪ್ಯೂಟ್ ಯುನಿಟ್ ಅಂತ ಇರ್ತಾವ, ಒಂದೊಂದರಾಗ ಲೆಕ್ಕ ಮಾಡೋ 64 ಸಣ್ಣ ಭಾಗ, ಪ್ರತಿ ಭಾಗ ಕ್ಲಾಕಿನ ಒಂದೊಂದು ಬಡಿತಕ್ಕ ಎರಡು ಲೆಕ್ಕ ಮಾಡ್ತೈತಿ. ಪಿಎಸ್5ನಾಗ 36 ಯುನಿಟ್, ಕ್ಲಾಕು 2.23 ಗಿಗಾಹರ್ಟ್ಜ್ ತನಕ. 36ನ್ನ 64ರಿಂದ, ಆಮ್ಯಾಲ 2ರಿಂದ, ಆಮ್ಯಾಲ 2.23ರಿಂದ ಗುಣಿಸ್ರಿ, 10,276 ಗಿಗಾಫ್ಲಾಪ್, ಅಂದ್ರ 10.28 ಟೆರಾಫ್ಲಾಪ್ ಬರ್ತೈತಿ, ಮುಗೀತು. ಸೀರೀಸ್ ಎಕ್ಸ್‌ನಾಗ 52 ಯುನಿಟ್, ಆದ್ರ ಕ್ಲಾಕು 1.825 ಗಿಗಾಹರ್ಟ್ಜ್ ಅಷ್ಟ. ಎಪಿಎಂಸಿ ಯಾರ್ಡಿನ್ಯಾಗ 52 ಮಂದಿ ಹಮಾಲರು ಸಾವಕಾಶ ಚೀಲ ಹೊರೋದು ಒಂದು, 36 ಮಂದಿ ಓಡಾಡಿ ಹೊರೋದು ಇನ್ನೊಂದು. ಲಾರಿ ಸಾಲುಗಟ್ಟಿ ನಿಂತಿದ್ರ 52 ಮಂದಿ ಗುಂಪು ಗೆಲ್ತೈತಿ, ನಿಂತಿದ್ದು ಎರಡ ಲಾರಿ ಆದ್ರ ಅವರಾಗ ಅರ್ಧ ಮಂದಿ ಬೀಡಿ ಸೇದ್ಕೋತ ಕೂಡ್ತಾರ, ಓಡಾಡೋ ಗುಂಪು ಮೊದಲ ಮುಗಿಸ್ತೈತಿ.

ಪಿಎಸ್5 ಡಿಸೈನ್ ಮಾಡಿದ ಮಾರ್ಕ್ ಸರ್ನಿ 2020ರ ಮಾರ್ಚ್‌ನ್ಯಾಗ ಕೊಟ್ಟ ಭಾಷಣದಾಗ ಹೇಳಿದ್ದೂ ಹೆಚ್ಚೂಕಮ್ಮಿ ಇದನ್ನ: ಎಲ್ಲಾ ಯುನಿಟ್ಟಿಗೂ ಸದಾ ಕೆಲಸ ಕೊಡೋದು ಕಷ್ಟ, ಅದಕ್ಕ ಕಮ್ಮಿ ಯುನಿಟ್ ಇಟ್ಟು ಕ್ಲಾಕು ಏರಿಸೇವಿ ಅಂತ. ಅವಾಗ ಎಕ್ಸ್‌ಬಾಕ್ಸ್ ಕಡೆಯವ್ರು ನಕ್ಕಿದ್ರು. ಆಮ್ಯಾಲ ಆ ವರ್ಷ ನವೆಂಬರ್‌ನ್ಯಾಗ ಎರಡೂ ಮಷೀನು ಬಂದಾಗ ಅಸ್ಯಾಸಿನ್ಸ್ ಕ್ರೀಡ್ ವಲ್‌ಹಲ್ಲಾ ಗೇಮನ್ನ, ಗೇಮ್ ಅಳೆದು ನೋಡೋ ಡಿಜಿಟಲ್ ಫೌಂಡ್ರಿಯವ್ರು ಟೆಸ್ಟ್ ಮಾಡಿದ್ರು, ಪಿಎಸ್5ನಾಗ ಅದು ಗಟ್ಟಿಯಾಗಿ ಓಡ್ತು, ಸೀರೀಸ್ ಎಕ್ಸ್‌ನಾಗ ಫ್ರೇಮ್, ಅಂದ್ರ ಸೆಕೆಂಡಿಗೆ ಬರೋ ಚಿತ್ರದ ಲೆಕ್ಕ, ಇಳಿದು ತೆರೆ ಹರದಂಗ ಕಾಣ್ತಿತ್ತು. ಮುಂದ ಅಪ್‌ಡೇಟ್ ಬಂದು ಸರಿ ಆಯ್ತು, ಅದು ಬ್ಯಾರೆ ಮಾತು. ಹೊಸ ಡೆವಲಪ್‌ಮೆಂಟ್ ಟೂಲ್ಸ್ ಇನ್ನೂ ಪಳಗಿದ್ದಿಲ್ಲ ಅಂತನೂ ಅಂದ್ರು, ಇರಬಹುದು. ಆದ್ರ 12.15 ದೊಡ್ಡದು 10.28 ಸಣ್ಣದು ಅಂತ ಎದೆ ತಟ್ಕೊಳ್ಳೋರಿಗೆ ಅದೊಂದ ಗೇಮ್ ಸಾಕಾಯ್ತು.

ಉಳಿದದ್ದು ಇವೆರಡರಾಗ ಭಾಳ ಫರಕ್ ಇಲ್ಲ. ಎರಡಕ್ಕೂ ಚಿಪ್ ಮಾಡಿದ್ದು ಎಎಂಡಿ, ಎರಡರಾಗೂ ಝೆನ್ 2 ಸಿಪಿಯು ಎಂಟು ಕೋರ್, ಪಿಎಸ್5 3.5 ಗಿಗಾಹರ್ಟ್ಜ್ ತನಕ, ಸೀರೀಸ್ ಎಕ್ಸ್ 3.8. ರ‍್ಯಾಮ್ ಎರಡಕ್ಕೂ 16 ಜಿಬಿ. ಇಲ್ಲಿ ಒಂದು ಸೂಕ್ಷ್ಮ ಐತಿ: ಪಿಎಸ್5 ರ‍್ಯಾಮ್ ಪೂರಾ ಒಂದ ಸ್ಪೀಡಿನ್ಯಾಗ ಓಡ್ತೈತಿ, ಸೆಕೆಂಡಿಗೆ 448 ಜಿಬಿ, ಸೀರೀಸ್ ಎಕ್ಸ್‌ನಾಗ 10 ಜಿಬಿಗೆ 560, ಉಳಿದ 6 ಜಿಬಿಗೆ 336. ಅಂದ್ರ ಗೇಮ್ ಮಾಡೋರು ಯಾವ ಸಾಮಾನು ಯಾವ ಕಡೆ ಇಡಬೇಕು ಅಂತ ತಲಿ ಓಡಿಸಬೇಕು. ಗೇಮ್ ಇಟ್ಕೊಳ್ಳೋ ಎಸ್‌ಎಸ್‌ಡಿಯಾಗ ಪಿಎಸ್5 ಮುಂದ, ಸೆಕೆಂಡಿಗೆ 5.5 ಜಿಬಿ, ಸೀರೀಸ್ ಎಕ್ಸ್ 2.4. ಕೇಳಾಕ ಎರಡು ಪಟ್ಟು, ಆದ್ರ ಗೇಮ್ ಲೋಡ್ ಆಗೋದ್ರಾಗ ಕಾಣೋದು ಒಂದೆರಡು ಸೆಕೆಂಡಿನ ಫರಕು, ಕೆಲವು ಗೇಮ್‌ನ್ಯಾಗ ಅದೂ ಇಲ್ಲ. ಹಳೇ ಪಿಎಸ್4 ಹಾರ್ಡ್ ಡಿಸ್ಕ್ ಜೋಡಿ ಹೋಲಿಸಿದ್ರ ಮಾತ್ರ ಎರಡೂ ಬ್ಯಾರೆ ಲೋಕ, ಚಾ ಕುಡಿದು ಬರೋ ತನಕ ಲೋಡ್ ಆಗ್ತಿದ್ದ ಗೇಮು ಕುರ್ಚಿ ಸರಿಸೋದ್ರಾಗ ತಯಾರು. ಒಟ್ಟು ಆ ಟೆರಾಫ್ಲಾಪ್ ಫರಕು ಸುಮಾರು 18 ಪರ್ಸೆಂಟ್, ಅದು ತೆರೆ ಮ್ಯಾಲ ಬರೋದು ಒಂದಿಷ್ಟು ಪಿಕ್ಸೆಲ್ ಹೆಚ್ಚಾಗಿ, ಅಷ್ಟ. ಎರಡನ್ನೂ ಬಾಜೂಕ ಇಟ್ಟು, ಚಿತ್ರ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದ್ರ ಗೊತ್ತಾಗ್ತೈತಿ. ಮನ್ಯಾಗ ಯಾರು ಹಂಗ ಆಡ್ತಾರ್ರಿ?

ಖರೇ ಫರಕು ನೋಡಬೇಕಂದ್ರ ಒಂದ ಗೇಮನ್ನ ಎಲ್ಲಾ ಮಷೀನಿನ್ಯಾಗ ಇಟ್ಟು ನೋಡಬೇಕು, ಅದಕ್ಕ ಸೈಬರ್‌ಪಂಕ್ 2077ಕಿಂತ ಚಲೋ ಪರೀಕ್ಷೆ ಇಲ್ಲ. 2020ರ ಡಿಸೆಂಬರ್‌ನ್ಯಾಗ ಬಂದಾಗ ಹಳೇ ಪಿಎಸ್4, ಎಕ್ಸ್‌ಬಾಕ್ಸ್ ಒನ್ ಮ್ಯಾಲ ಅದರ ಗತಿ ಏನಾಯ್ತಂದ್ರ ಸೋನಿಯವ್ರು ತಮ್ಮ ಆನ್‌ಲೈನ್ ಅಂಗಡಿಯಿಂದ ಗೇಮನ್ನ ತಗದುಬಿಟ್ರು, ವಾಪಸ್ ಇಟ್ಟಿದ್ದು 2021ರ ಜೂನ್‌ನ್ಯಾಗ. ಪಿಎಸ್5, ಸೀರೀಸ್ ಎಕ್ಸ್ ಸಲುವಾಗಿ 2022ರ ಫೆಬ್ರುವರಿಯಾಗ ಬ್ಯಾರೆ ವರ್ಶನ್ ಬಂತು: ಒಂದು ಮೋಡ್‌ನ್ಯಾಗ ಸೆಕೆಂಡಿಗೆ 60 ಫ್ರೇಮ್, ಇನ್ನೊಂದರಾಗ ಬೆಳಕು ನೆರಳು ಖರೇದರಂಗ ತೋರಿಸೋ ರೇ ಟ್ರೇಸಿಂಗ್ ಹಾಕ್ಕೊಂಡು 30. ಎರಡೂ ಕನ್ಸೋಲ್‌ಗೆ ಒಂದ ನಮೂನಿ. ಸೀರೀಸ್ ಎಸ್‌ಗೆ ಮಾತ್ರ ಅವಾಗ 30ರ ಮೋಡ್ ಒಂದ, ರೇ ಟ್ರೇಸಿಂಗ್ ಇಲ್ಲ. ಆ ವರ್ಷದ ಸೆಪ್ಟೆಂಬರ್‌ನ್ಯಾಗ ಅದಕ್ಕೂ 60ರ ಮೋಡ್ ಕೊಟ್ರು, ಆದ್ರ ಪಿಕ್ಸೆಲ್ 900ಪಿ ಆಸುಪಾಸು ಇಳಿಸಿ ಕೊಟ್ರು. 2025ರ ಜೂನ್‌ನ್ಯಾಗ ಸ್ವಿಚ್ 2 ಬಂದಾಗ ಅದರ ಜೋಡಿನೂ ಈ ಗೇಮ್ ಬಂತು, ಟಿವಿಗೆ ಹಚ್ಚಿದ್ರ 1080ಪಿ, 30 ಅಥವಾ 40 ಫ್ರೇಮ್. ಕೈಯಾಗ ಹಿಡ್ಯೋ ಮಷೀನಿನ್ಯಾಗ, ಐದು ವರ್ಷದ ಹಿಂದ ದೊಡ್ಡ ಕನ್ಸೋಲನ್ನ ಉಸಿರು ಕಟ್ಟಿಸಿದ ಗೇಮು. ಈ ಒಂದ ಸಾಲು ನೋಡಿದ್ರ ಯಾವ ಮಷೀನು ಎಲ್ಲಿ ನಿಂತೈತಿ ಅಂತ ತಿಳೀತೈತಿ, ಟೆರಾಫ್ಲಾಪ್ ಬೇಕಾಗಂಗಿಲ್ಲ.

ಸೀರೀಸ್ ಎಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ನಮ್ಮ ಕಡೆ ರೇಟು ನೋಡಿ ಭಾಳ ಮಂದಿ ಅದಕ್ಕ ಕೈ ಹಾಕ್ತಾರ. 2020ರ ನವೆಂಬರ್ 10ಕ್ಕ ಭಾರತದಾಗ ಬಂದಾಗ ಸೀರೀಸ್ ಎಕ್ಸ್ 49,990, ಎಸ್ 34,990 ಇತ್ತು, ಆಮ್ಯಾಲ ರೇಟು ಮ್ಯಾಲ ಕೆಳಗ ಆಗ್ಯಾವ, ಈಗಿನದ್ದು ಅಂಗಡಿಯಾಗ ಕೇಳ್ಕೋರಿ. ಸಿಪಿಯು ದೊಡ್ಡಣ್ಣನಂಥಾದ್ದ ಐತಿ, ಕ್ಲಾಕು ಒಂಚೂರು ಕಮ್ಮಿ. ಎಸ್‌ಎಸ್‌ಡಿ ಸ್ಪೀಡೂ ಅಷ್ಟ. 4 ಟೆರಾಫ್ಲಾಪ್ ಅನ್ನೋದೂ 1080ಪಿ ಟಿವಿಗೆ ದೊಡ್ಡ ತೊಂದ್ರಿ ಅಲ್ಲ. ಅದರ ಖರೇ ತೊಂದ್ರಿ ರ‍್ಯಾಮು: ಒಟ್ಟು 10 ಜಿಬಿ, ಅದರಾಗ ಜೋರು ಓಡೋದು 8 ಜಿಬಿ, ಉಳಿದ 2 ಜಿಬಿ ಸಿಸ್ಟಮ್ ಕೆಲಸಕ್ಕ ಅಂತ ಇಟ್ಟಿದ್ದು, ಸಾವಕಾಶ. ಚಿತ್ರದ ಪಿಕ್ಸೆಲ್ ಇಳಿಸೋದು ಸುಲಭ, ಆದ್ರ ಗೇಮಿನ ಒಳಗಿನ ಊರು, ಮಂದಿ, ಸಾಮಾನು ಎಲ್ಲಾ ರ‍್ಯಾಮಿನ್ಯಾಗ ಇರಬೇಕಲ್ಲ, ಅದನ್ನ ಇಳಿಸೋದು ಅಷ್ಟು ಸಲೀಸಲ್ಲ. ಬಾಲ್ಡರ್ಸ್ ಗೇಟ್ 3 ಪಿಎಸ್5ಕ್ಕ 2023ರ ಸೆಪ್ಟೆಂಬರ್‌ನ್ಯಾಗ ಬಂತು, ಎಕ್ಸ್‌ಬಾಕ್ಸಿಗೆ ಡಿಸೆಂಬರ್ ತನಕ ತಡ ಆಯ್ತು, ಕಾರಣ ಏನಂದ್ರ ಒಂದ ಟಿವಿಯಾಗ ತೆರೆ ಎರಡು ಭಾಗ ಮಾಡಿ ಇಬ್ರು ಆಡೋದು ಸೀರೀಸ್ ಎಸ್‌ನಾಗ ಕೂಡಿಸಾಕ ಆಗ್ಲಿಲ್ಲ. ಕೊನಿಗೆ ಅದನ್ನ ಬಿಟ್ಟ ಬಿಡುಗಡೆ ಮಾಡಿದ್ರು, ಎಸ್‌ಗೆ ಅದು ಸಿಕ್ಕಿದ್ದು 2025ರ ಏಪ್ರಿಲ್‌ನ್ಯಾಗ. ಅಣ್ಣ ತಮ್ಮ ಕೂಡಿ ಒಂದ ಟಿವಿ ಮುಂದ ಆಡೋ ಮನಿಗೆ ಇದು ಸಣ್ಣ ಮಾತಲ್ಲ.

ಹಂಗಂತ ಎಸ್ ತಗೋಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ನೀವು ಆಡೋದು ಫುಟ್‌ಬಾಲಿನ ಎಫ್‌ಸಿ, ಫೋರ್ಟ್‌ನೈಟ್, ವ್ಯಾಲರಂಟ್ ಇಂಥವು ಆದ್ರ ಅದು ಧಾರಾಳ ಸಾಕು. ಫೋರ್ಟ್‌ನೈಟ್ ಅದರಾಗೂ 120 ಫ್ರೇಮ್ ಕೊಡ್ತೈತಿ.

ಈಗ ಟಿವಿಗೆ ಬರ್ರಿ. 1080ಪಿ ಅಂದ್ರ ಒಂದು ಚಿತ್ರಕ್ಕ ಸುಮಾರು 20.7 ಲಕ್ಷ ಪಿಕ್ಸೆಲ್, 4ಕೆ ಅಂದ್ರ 83 ಲಕ್ಷ, ಕರೆಕ್ಟ್ ನಾಕ್ ಪಟ್ಟು. ನಿಮ್ಮ ಟಿವಿ ಫುಲ್ ಎಚ್‌ಡಿ ಆದ್ರ ಪಿಎಸ್5 ಮಾಡಿದ ಹೆಚ್ಚಿನ ಪಿಕ್ಸೆಲ್ ಎಲ್ಲಾ ಕೂಡಿಸಿ ಕುಗ್ಗಿಸಿ ತೋರಿಸ್ತೈತಿ, ಅಂಚು ಸ್ವಲ್ಪ ನುಣ್ಣಗ ಕಾಣ್ತಾವ ಖರೇ, ಆದ್ರ ಅದಕ್ಕ ಅಂತ ಇಪ್ಪತ್ತು ಸಾವಿರ ಹೆಚ್ಚಿಗಿ ಕೊಡಾಕ ಮನಸ್ಸು ಬರಂಗಿಲ್ಲ. 43 ಇಂಚಿನ 4ಕೆ ಟಿವಿಯನ್ನ ಎಂಟು ಅಡಿ ದೂರದಾಗ ಕುಂತು ನೋಡೋರಿಗೂ ಖರೇ 4ಕೆ ಯಾವುದು, 1440ಪಿಯಿಂದ ಹಿಗ್ಗಿಸಿದ್ದು ಯಾವುದು ಅಂತ ಹೇಳೋದು ಕಷ್ಟ. ಅದು ಗೊತ್ತಿರೋದಕ್ಕ ಗೇಮ್ ಮಾಡೋರೂ 60 ಫ್ರೇಮಿನ ಮೋಡ್‌ನ್ಯಾಗ ಒಳಗಿಂದೊಳಗ 1440ಪಿ, ಕೆಲವೊಮ್ಮೆ ಅದಕ್ಕಿಂತ ಕಮ್ಮಿ ಪಿಕ್ಸೆಲ್ ಮಾಡಿ ಹಿಗ್ಗಿಸಿ ಕಳಿಸ್ತಾರ. ಬಾಕ್ಸಿನ ಮ್ಯಾಲ 4ಕೆ, 8ಕೆ ಅಂತ ಇರ್ತಿತ್ತಲ್ಲ, ಆ 8ಕೆ ಅನ್ನೋದನ್ನ ಸೋನಿಯವ್ರ ಆಮ್ಯಾಲ ಬಾಕ್ಸಿನಿಂದ ತಗದ್ರು, ನೀವೂ ತಲಿಯಿಂದ ತಗೀರಿ.

ಕಣ್ಣಿಗೂ ಕೈಗೂ ಹೊಡೆದಂಗ ಗೊತ್ತಾಗೋದು ಪಿಕ್ಸೆಲ್ ಅಲ್ಲ, ಫ್ರೇಮು. 30 ಅಂದ್ರ ಒಂದೊಂದು ಚಿತ್ರ 33 ಮಿಲಿಸೆಕೆಂಡ್ ನಿಲ್ತೈತಿ, 60ಕ್ಕ 16.7, 120ಕ್ಕ 8.3. ನಮ್ಮ ಹುಡುಗ್ರು ಬಿಜಿಎಂಐ, ಫ್ರೀ ಫೈರ್ ಆಡೋದು 90, 120 ಹರ್ಟ್ಜ್ ಮೊಬೈಲಿನ್ಯಾಗ, ಅಲ್ಲಿಂದ ಬಂದು ಕನ್ಸೋಲಿನ ಕ್ವಾಲಿಟಿ ಮೋಡ್ ಹಾಕಿ 30ರಾಗ ಆಡಿದ್ರ ಇದೇನ್ರಿ ಎಳದಂಗ ಆಗ್ತೈತಲ್ಲ ಅಂತಾರ. ಗ್ರಾಫಿಕ್ಸ್ ಭಾರಿ ಅದಾವ ಅಂತ ರೊಕ್ಕ ಕೊಟ್ಟು ತಂದು, ಆ ಭಾರಿ ಗ್ರಾಫಿಕ್ಸ್ ಹಚ್ಚಿದ್ರ ಮಜಾ ಇಲ್ಲ ಅನ್ನೋ ಪರಿಸ್ಥಿತಿ. ನನ್ನ ಮಾತು ಕೇಳೋದಾದ್ರ ಸೆಟ್ಟಿಂಗ್‌ನ್ಯಾಗ ಹೋಗಿ 60 ಫ್ರೇಮಿನ ಪರ್ಫಾರ್ಮೆನ್ಸ್ ಮೋಡ್ ಹಾಕಿ ಬಿಟ್ಟುಬಿಡ್ರಿ. ಪಿಎಸ್5 ಅಥವಾ ಸೀರೀಸ್ ಎಕ್ಸ್‌ಗೆ ಹೆಚ್ಚಿನ ರೊಕ್ಕ ಕೊಡೋದು 4ಕೆ ಸಲುವಾಗಿ ಅಲ್ಲ, ಮುಂದ ಬರೋ ತೂಕದ ಗೇಮುಗಳಾಗೂ 60 ಸಿಗ್ಲಿ ಅಂತ. ಎಸ್ ಎಡವೋದು ಅಲ್ಲೇ.

120 ಫ್ರೇಮ್ ಆಸೆ ಇದ್ರ ಟಿವಿ ಪ್ಯಾನಲ್ ಖರೇನ 120 ಹರ್ಟ್ಜ್ ಇರಬೇಕು, ಅದೂ 4ಕೆದಾಗ ಬೇಕಂದ್ರ ಎಚ್‌ಡಿಎಂಐ 2.1 ಪೋರ್ಟ್ ಇರಬೇಕು. ಅಂಗಡಿಯಾಗ ಮೋಷನ್ ರೇಟ್ 120 ಅಂತ ಸ್ಟಿಕ್ಕರ್ ತೋರಿಸಿದ್ರ ನಂಬಬ್ಯಾಡ್ರಿ, ಅದು ಸಾಫ್ಟ್‌ವೇರ್ ಆಟ, ಪ್ಯಾನಲ್ 60 ಇರ್ತೈತಿ. ಬಳ್ಳಾರಿ ಬೆಂಗಳೂರು ರೋಡಿನ್ಯಾಗ ಇರಲಿ, ಆನ್‌ಲೈನ್ ಇರಲಿ, ಮೂವತ್ತು ಸಾವಿರದೊಳಗಿನ ಟಿವಿಯಾಗ ಹೆಚ್ಚಾಗಿ ಸಿಗೋದು 60 ಹರ್ಟ್ಜ್. ಬೆಳಕು ಕತ್ತಲಿ ಎದ್ದು ಕಾಣಂಗ ಮಾಡೋ ಎಚ್‌ಡಿಆರ್ ಕತಿನೂ ಅದ, ಸಿಗ್ನಲ್ ತಗೋತೈತಿ, ಆದ್ರ ತೋರಿಸಾಕ ಬೆಳಕು ಸಾಲಂಗಿಲ್ಲ, ಚಿತ್ರ ಮಂಕಾಗ್ತೈತಿ. ಅಂಥ ಟಿವಿ ಆದ್ರ ಎಚ್‌ಡಿಆರ್ ಬಂದ್ ಮಾಡಿ ಆಡ್ರಿ. ಟಿವಿ ಸೆಟ್ಟಿಂಗ್‌ನ್ಯಾಗ ಗೇಮ್ ಮೋಡ್ ಅಂತ ಇರ್ತೈತಿ, ಅದನ್ನ ಹಚ್ಚಲೇಬೇಕು, ಇಲ್ಲಂದ್ರ ಬಟನ್ ಒತ್ತಿದ್ದು ಒಂದು, ಬ್ಯಾಟ್ ಬೀಸೋದು ಇನ್ನೊಂದು ಆಗ್ತೈತಿ. ಫ್ರೇಮ್ ಏರಿಳಿತ ಆದ್ರ ಅದರ ಜೋಡಿ ಟಿವಿನೂ ಹೆಜ್ಜಿ ಹಾಕೋ ವಿಆರ್‌ಆರ್ ಎಕ್ಸ್‌ಬಾಕ್ಸಿನ್ಯಾಗ ಮೊದಲಿಂದ ಐತಿ, ಪಿಎಸ್5ಕ್ಕ ಬಂದಿದ್ದು 2022ರ ಏಪ್ರಿಲ್‌ನ್ಯಾಗ, ಅದೂ 48ರಿಂದ 120 ಹರ್ಟ್ಜ್ ನಡುವ ಅಷ್ಟ. ಟಿವಿನೂ ಅದನ್ನ ತಗೊಳ್ಳಂಗ ಇದ್ರ ಎಕ್ಸ್‌ಬಾಕ್ಸಿಗೆ ಇಲ್ಲೊಂದು ಪಾಯಿಂಟ್ ಹಾಕ್ರಿ.

ಇನ್ನ ನಮ್ಮ ಕಡಿ ಬಿಸಲು. ಇಂಟರ್ನೆಟ್ಟಿನ್ಯಾಗ ಸಿಗೋ ಹೋಲಿಕಿ ಎಲ್ಲಾ ಎಸಿ ರೂಮಿನ್ಯಾಗ ಕುಂತು ಮಾಡಿದ್ದು. ಸೋನಿಯವ್ರ ಪುಸ್ತಕದಾಗ ಪಿಎಸ್5 ಓಡಿಸಾಕ 5ರಿಂದ 35 ಡಿಗ್ರಿ ಅಂತ ಬರದಾರ, ನಿಂಟೆಂಡೊದವ್ರೂ ಅಷ್ಟ ಬರದಾರ. ರಾಯಚೂರಿನ್ಯಾಗ ಏಪ್ರಿಲ್ ಮೇ ಮಧ್ಯಾಹ್ನ ಹೊರಗ 42, 43 ಮುಟ್ಟತೈತಿ, ಪತ್ರಾಸ್ ಮನಿ ಅಥವಾ ಮ್ಯಾಲಿನ ಅಂತಸ್ತು ಆದ್ರ ಒಳಗ ರಾತ್ರಿ ಹತ್ತಾದ್ರೂ 35ರ ಕೆಳಗ ಇಳ್ಯಂಗಿಲ್ಲ. ಅಂದ್ರ ಕಂಪನಿ ಹೇಳಿದ ಮಿತಿ ನಮ್ಮ ಖೋಲಿಯಾಗ ದಿನಾ ದಾಟತೈತಿ. ಪಿಎಸ್5 ವಿಚಾರದಾಗ ಒಂದು ಒಳ್ಳೇ ಮಾತಂದ್ರ, ಅದರ ಕ್ಲಾಕು ಏರಿಳಿಯೋದು ಚಿಪ್ಪಿನ ಬಿಸಿ ನೋಡಿ ಅಲ್ಲ, ಮಾಡ್ತಿರೋ ಕೆಲಸ ನೋಡಿ, ಸರ್ನಿ ಅದನ್ನ ಬಿಡಿಸಿ ಹೇಳಿದ್ದ. ಹಂಗಾಗಿ ಖೋಲಿ ಬಿಸಿ ಆಯ್ತಂತ ಗ್ರಾಫಿಕ್ಸ್ ಇಳ್ಯಂಗಿಲ್ಲ, ಬೆಂಗಳೂರಿನ್ಯಾಗ ಎಷ್ಟು ಫ್ರೇಮ್ ಬರ್ತಾವೋ ರಾಯಚೂರಿನ್ಯಾಗೂ ಅಷ್ಟ ಬರ್ತಾವ, ಫ್ಯಾನ್ ಮಾತ್ರ ಹುಯ್ಯಂತ ಕೂಗ್ತೈತಿ. ಮಿತಿ ಮೀರಿದ್ರ ಬಿಸಿ ಆಗೇತಿ ಬಂದ್ ಮಾಡ್ರಿ ಅಂತ ತೆರೆ ಮ್ಯಾಲ ಬರ್ತೈತಿ. ಸೀರೀಸ್ ಎಕ್ಸ್ ನಿಂತ ಡಬ್ಬಿ, ಮ್ಯಾಲ 130 ಮಿಲಿಮೀಟರಿನ ಒಂದ ದೊಡ್ಡ ಫ್ಯಾನು, ಕೆಳಗಿಂದ ಗಾಳಿ ಎಳ್ಕೊಂಡು ತಲಿ ಮ್ಯಾಲ ಬಿಡ್ತೈತಿ, ಸದ್ದು ಭಾಳ ಕಮ್ಮಿ. ಅದರ ತಲಿ ಮ್ಯಾಲ ಬಟ್ಟಿ, ಪೇಪರ್, ಸೆಟ್‌ಟಾಪ್ ಬಾಕ್ಸ್ ಇಡೋ ಮನಿ ಆದ್ರ ಅದನ್ನ ತರಬ್ಯಾಡ್ರಿ. ಪಿಎಸ್5 ದೊಡ್ಡ ಹೊಟ್ಟಿದು, ಶೋಕೇಸ್ ಗೂಡಿನ್ಯಾಗ ತುರುಕಿದ್ರ ಯಾವ ಕನ್ಸೋಲ್ ಆದ್ರೂ ಬೇಯತೈತಿ, ಇದು ಲಗೂನ ಬೇಯತೈತಿ.

ಧೂಳಿಂದ ಇನ್ನೊಂದು. ತೋರಣಗಲ್ಲು ಸಂಡೂರು ಕಡೆ ಕೆಂಪು ಧೂಳು, ಗಂಗಾವತಿ ಕಾರಟಗಿ ಕಡೆ ರೈಸ್ ಮಿಲ್ಲಿನ ಹೊಟ್ಟು ಬೂದಿ, ಕಿಟಕಿ ತಗದ್ರ ಸಂಜಿಕ ಟೇಬಲ್ ಮ್ಯಾಲ ಬೆರಳಿಂದ ಹೆಸರು ಬರೀಬಹುದು. ಪಿಎಸ್5ನಾಗ ಮ್ಯಾಲಿನ ಪ್ಲೇಟ್ ಕೈಯಿಂದ ತಗದ್ರ ಧೂಳು ಕೂಡೋ ಎರಡು ತೂತು ಕಾಣ್ತಾವ, ವ್ಯಾಕ್ಯೂಮ್‌ನಿಂದ ಎಳೀಬಹುದು, ಸ್ಕ್ರೂ ಬಿಚ್ಚೋದು ಬ್ಯಾಡ. ಎಕ್ಸ್‌ಬಾಕ್ಸಿನ್ಯಾಗ ಹಂಗ ಸುಲಭ ಇಲ್ಲ. ಪಿಎಸ್5 ಒಳಗ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವ ಇರೋದು ಪೇಸ್ಟ್ ಅಲ್ಲ, ಲಿಕ್ವಿಡ್ ಮೆಟಲ್, ಅದಕ್ಕ ಊರಿನ ಮೊಬೈಲ್ ರಿಪೇರಿ ಹುಡುಗನ ಕೈಯಾಗ ಪೂರಾ ಬಿಚ್ಚಿಸಾಕ ಹೋಗಬ್ಯಾಡ್ರಿ, ಅದು ಬೋರ್ಡ್ ಮ್ಯಾಲ ಹರಿದ್ರ ಶಾರ್ಟ್ ಆಗ್ತೈತಿ.

ಕರೆಂಟ್ ಲೆಕ್ಕ ಬೇಗ ಹೇಳ್ತೀನಿ. ಭಾರಿ ಗೇಮ್ ಆಡ್ವಾಗ ಪಿಎಸ್5 200 ವ್ಯಾಟ್ ಆಸುಪಾಸು ಎಳೀತೈತಿ, ಸೀರೀಸ್ ಎಕ್ಸ್ ಅದಕ್ಕ ಹತ್ರ ಹತ್ರ, ಎಸ್ 75 ಆಸುಪಾಸು. ದಿನಾ ಮೂರು ತಾಸು ಆಡಿದ್ರ ಪಿಎಸ್5 ತಿಂಗಳಿಗೆ 18 ಯುನಿಟ್, ಎಸ್ 7. ಗೃಹಜ್ಯೋತಿಯಾಗ ಮಿತಿಯ ಅಂಚಿನ್ಯಾಗ ಇರೋ ಮನಿ ಆದ್ರ ಅಪ್ಪಾಜಿ ಕೇಳೋ ಮೊದಲ ಈ ಲೆಕ್ಕ ತಯಾರಿಟ್ಕೋರಿ, ಟಿವಿ, ಕೂಲರ್ ಬ್ಯಾರೆ. ಬ್ಯಾಸಿಗ್ಯಾಗ ಕರೆಂಟ್ ಪಟ್ಟಂತ ಹೋಗೋ ಕಡೆ 600 ವಿಎ ಕಂಪ್ಯೂಟರ್ ಯುಪಿಎಸ್ ಹಚ್ಚಿದ್ರ ಟಿವಿ ಕನ್ಸೋಲ್ ಎರಡೂ ಕೂಡಿ ಸೇವ್ ಮಾಡಿ ಬಂದ್ ಮಾಡೋವಷ್ಟು ಟೈಮ್ ಸಿಗ್ತೈತಿ, ಅದಕ್ಕಿಂತ ಹೆಚ್ಚು ಕೇಳಬ್ಯಾಡ್ರಿ. ಮನಿ ಇನ್ವರ್ಟರ್ ಮ್ಯಾಲ ಓಡಿಸೋದಾದ್ರ ಸೈನ್ ವೇವ್ ಇದ್ರ ಚಲೋ. ಇಲ್ಲೂ ಎಕ್ಸ್‌ಬಾಕ್ಸಿಗೆ ಒಂದು ಗುಣ ಐತಿ: ಕ್ವಿಕ್ ರೆಸ್ಯೂಮ್ ಅಂತ, ಗೇಮ್ ಬಿಟ್ಟು ಎದ್ದು ಹೋದಾಗ ಅದರ ಸ್ಥಿತಿನ ಎಸ್‌ಎಸ್‌ಡಿ ಮ್ಯಾಲ ಬರಕೋತೈತಿ, ಆಮ್ಯಾಲ ಪ್ಲಗ್ ಕಿತ್ತಿದ್ರೂ ಬಿಟ್ಟಲ್ಲಿಂದ ಶುರು. ಪಿಎಸ್5 ರೆಸ್ಟ್ ಮೋಡ್‌ನ್ಯಾಗ ಇದ್ದಾಗ ಕರೆಂಟ್ ಹೋದ್ರ ಸೇವ್ ಮಾಡದೇ ಇದ್ದದ್ದೆಲ್ಲಾ ಹೋತು. ಆಡ್ತಿರುವಾಗ್ಲೇ ಕರೆಂಟ್ ಹೋದ್ರ ಮಾತ್ರ ಇಬ್ರೂ ಒಂದ.

ಗ್ರಾಫಿಕ್ಸ್ ಮಾತಿನ್ಯಾಗ ಡಿಸ್ಕ್ ಯಾಕ ಬಂತು ಅನ್ನಬ್ಯಾಡ್ರಿ, ನಮ್ಮ ಊರಿನ ಮಟ್ಟಿಗೆ ಅದ ದೊಡ್ಡ ಹಾರ್ಡ್‌ವೇರ್ ವಿಚಾರ. ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವೇ ಇಲ್ಲ. 100 ಜಿಬಿ ಗೇಮನ್ನ 50 ಎಂಬಿಪಿಎಸ್ ನೆಟ್ಟಿನ್ಯಾಗ ಇಳಿಸಾಕ ನಾಕೂವರೆ ತಾಸು ಬೇಕು, 30 ಎಂಬಿಪಿಎಸ್ ಆದ್ರ ಏಳೂವರೆ, ಅದೂ ಲೈನ್ ಒಮ್ಮೆನೂ ಕಡೀಲಿಲ್ಲ ಅಂದ್ರ. ಎಸ್‌ನಾಗ 512 ಜಿಬಿ ಅಂತ ಬರದಿದ್ರೂ ನಿಮ್ಮ ಕೈಗೆ ಸಿಗೋದು 364, ಮೂರು ದೊಡ್ಡ ಗೇಮಿಗೆ ಫುಲ್. ಮೊದಲಿನ ಪಿಎಸ್5ನಾಗ 825ರಾಗ 667, ಸೀರೀಸ್ ಎಕ್ಸ್‌ನಾಗ 802. ಜಾಗ ಹೆಚ್ಚು ಮಾಡೋದ್ರಾಗ ಪಿಎಸ್5 ಸಾಚಾ, ಅಂಗಡಿಯಾಗ ಸಿಗೋ ಮಾಮೂಲಿ ಜೆನ್ 4 ಎಂ.2 ಎಸ್‌ಎಸ್‌ಡಿ ಹಾಕ್ಕೋಬಹುದು, ಓದೋ ಸ್ಪೀಡು ಸೆಕೆಂಡಿಗೆ 5,500 ಎಂಬಿ ಇದ್ರ ಆಯ್ತು. ಎಕ್ಸ್‌ಬಾಕ್ಸಿಗೆ ಅದರದ್ದ ಕಾರ್ಡು ಬೇಕು, ದುಬಾರಿ. ಇನ್ನ ಡಿಸ್ಕಿದ್ರ ನಾಕೈದು ಸಾವಿರ ಕೊಟ್ಟು ತಂದ ಗೇಮನ್ನ ಮುಗಿಸಿ ದೋಸ್ತಗ ಮಾರಬಹುದು, ಬದ್ಲಿ ಮಾಡ್ಕೋಬಹುದು, ಹೊಸಪೇಟಿಯವ ಕೊಪ್ಪಳದವಗ ಬಸ್ಸಿನ್ಯಾಗ ಕಳಿಸಬಹುದು. ನಮ್ಮ ಕಡೆ ಪಿಎಸ್ ಇಟ್ಕೊಂಡೋರೇ ಹೆಚ್ಚು, ಹಂಗಾಗಿ ಸೆಕೆಂಡ್ ಹ್ಯಾಂಡ್ ಡಿಸ್ಕೂ ಅದರದ್ದೇ ಸಿಗ್ತಾವ. ತಿಂಗಳಿಗಿಷ್ಟು ಅಂತ ಕೊಟ್ಟು ಭಾಳಷ್ಟು ಗೇಮ್ ಆಡೋ ಎಕ್ಸ್‌ಬಾಕ್ಸಿನ ಗೇಮ್ ಪಾಸ್ ಒಂದು ಕಾಲಕ್ಕ ಈ ಲೆಕ್ಕಾನ ತಿರುಗಿಸಿಬಿಡ್ತಿತ್ತು, 2025ರ ಅಕ್ಟೋಬರ್‌ನ್ಯಾಗ ರೇಟು ಏರಿಸಿದ ಮ್ಯಾಲ ಅದು ಅಷ್ಟು ಸರಳ ಉಳಿದಿಲ್ಲ.

ಹಿಂಗಾಗಿ ನನ್ನ ಲೆಕ್ಕದಾಗ 4ಕೆ ಟಿವಿ ಇದ್ದೋರು, ಇಲ್ಲಾ ಎರಡು ವರ್ಷದೊಳಗ ತಗೋಳೋರು, ಡಿಸ್ಕ್ ಇರೋ ಪಿಎಸ್5 ಸ್ಲಿಮ್ ತಗೋರಿ. ಭಾರತದಾಗ 2024ರ ಏಪ್ರಿಲ್‌ನ್ಯಾಗ ಬಂದಾಗ ಡಿಸ್ಕಿಂದು 54,990, ಡಿಜಿಟಲ್ 44,990. ಸ್ಲಿಮ್ ಅಂತ ಪವರ್ ಕಮ್ಮಿ ಇಲ್ಲ, ಅದ ಶಕ್ತಿ, ಸಣ್ಣ ಡಬ್ಬಿ, 1 ಟಿಬಿ ಎಸ್‌ಎಸ್‌ಡಿ, ಡಿಜಿಟಲ್ ತಗೊಂಡ್ರೂ ಡಿಸ್ಕ್ ಡ್ರೈವ್ ಆಮ್ಯಾಲ ಬ್ಯಾರೆ ತಂದು ಹಚ್ಚಬಹುದು. ಸೀರೀಸ್ ಎಕ್ಸ್ ಯಾರಿಗಂದ್ರ, ಹಳೇ ಎಕ್ಸ್‌ಬಾಕ್ಸ್ ಗೇಮುಗಳ ಗಂಟು ಇದ್ದೋರಿಗೆ, ಯಾಕಂದ್ರ ಹಳೇ ಎಕ್ಸ್‌ಬಾಕ್ಸ್ 360 ಕಾಲದ್ದೂ ಭಾಳಷ್ಟು ಅದರಾಗ ಓಡ್ತಾವ, ಮತ್ತ ಸದ್ದಿಲ್ಲದ ಮಷೀನು ಬೇಕನ್ನೋರಿಗೆ. ತರೋ ಮೊದಲ ಸ್ಟಾಕ್ ಐತೋ ಇಲ್ಲೋ, ವಾರಂಟಿ ಯಾರು ನೋಡ್ಕೋತಾರ ಅಂತ ಬಾಯಿ ಬಿಟ್ಟು ಕೇಳ್ರಿ. ಫುಲ್ ಎಚ್‌ಡಿ ಟಿವಿ, ಚಲೋ ನೆಟ್, ಆಡೋದು ಫುಟ್‌ಬಾಲು ಮತ್ತ ಆನ್‌ಲೈನ್ ಶೂಟಿಂಗ್ ಅಷ್ಟ ಅಂದ್ರ ಸೀರೀಸ್ ಎಸ್.

ಪಿಎಸ್5ರ ಹೆಚ್ಚು ಪವರಿನ ಮಷೀನು ಪಿಎಸ್5 ಪ್ರೊ ಬಗ್ಗೆ ಕೇಳೋರು ಒಬ್ಬಿಬ್ರು ಇದ್ದೇ ಇರ್ತಾರ. 16.7 ಟೆರಾಫ್ಲಾಪ್, 60 ಕಂಪ್ಯೂಟ್ ಯುನಿಟ್, 2 ಟಿಬಿ, ಪಿಕ್ಸೆಲ್ ಹಿಗ್ಗಿಸಾಕ ಪಿಎಸ್‌ಎಸ್‌ಆರ್ ಅನ್ನೋ ಎಐ ವಿದ್ಯೆ, ಅಮೆರಿಕದಾಗ 2024ರ ನವೆಂಬರ್‌ನ್ಯಾಗ ಬಂದಾಗ 700 ಡಾಲರ್, ಡಿಸ್ಕ್ ಡ್ರೈವ್ ಬ್ಯಾರೆ. ಅದರಾಗಿನ ವೈಫೈ 7ಕ್ಕ ಬೇಕಾದ 6 ಗಿಗಾಹರ್ಟ್ಜ್ ಅಲೆಗೆ ಭಾರತದಾಗ ಅವಾಗ ಅನುಮತಿ ಇದ್ದಿಲ್ಲ ಅಂತ ಇಲ್ಲಿಗೆ ಬಿಡ್ಲಿಲ್ಲ. ಹೊರಗಿಂದ ತರಿಸಿದ್ರ ಲಕ್ಷದ ಹತ್ರ ಹೋಗ್ತಿತ್ತು, ವಾರಂಟಿ ಇಲ್ಲ. 43 ಇಂಚಿನ ಟಿವಿಗೆ ಅದನ್ನ ಹಚ್ಚೋರಿಗೆ ನಾ ಏನೂ ಹೇಳಂಗಿಲ್ಲ.

ಸ್ವಿಚ್ 2 ಪವರ್ ಲೆಕ್ಕದಾಗ ತೂಗೋ ಮಷೀನಲ್ಲ, ಆದ್ರ ಎಷ್ಟೋ ಮಂದಿ ತಿಳ್ಕೊಂಡಷ್ಟು ಬಡವನೂ ಅಲ್ಲ. ಎನ್‌ವಿಡಿಯಾ ಚಿಪ್ಪು, 12 ಜಿಬಿ ರ‍್ಯಾಮು, ಅಂದ್ರ ಸೀರೀಸ್ ಎಸ್‌ಗಿಂತ 2 ಹೆಚ್ಚು ನೋಡ್ರಿ, 7.9 ಇಂಚಿನ 1080ಪಿ ಸ್ಕ್ರೀನು 120 ಹರ್ಟ್ಜ್, ಎಐನಿಂದ ಚಿತ್ರ ಹಿಗ್ಗಿಸೋ ಡಿಎಲ್‌ಎಸ್‌ಎಸ್ ಇರೋದಕ್ಕ ಕಮ್ಮಿ ಪಿಕ್ಸೆಲ್ ಮಾಡಿದ್ರೂ ಚಿತ್ರ ಚೊಕ್ಕ ಕಾಣ್ತೈತಿ. ಬ್ಯಾಟರಿ ಎರಡು ತಾಸಿನಿಂದ ಆರೂವರೆ ತಾಸು ಅಂತ ನಿಂಟೆಂಡೊದವ್ರ ಹೇಳ್ತಾರ, ಭಾರಿ ಗೇಮಿಗೆ ಎರಡು ಅಂತನ ಹಿಡೀರಿ. ಮನ್ಯಾಗ ಟಿವಿ ಮ್ಯಾಲ ಧಾರಾವಾಹಿ ನಡೀತಿದ್ರ ನಿಮ್ಮ ಆಟ ನಿಲ್ಲಂಗಿಲ್ಲ, ಹಂಪಿ ಎಕ್ಸ್‌ಪ್ರೆಸ್ಸಿನ್ಯಾಗ ರಾತ್ರಿ ಬೆಂಗಳೂರಿಗೆ ಹೋಗ್ವಾಗ ಬರ್ತ್ ಮ್ಯಾಲ ಬಿದ್ಕೊಂಡು ಆಡಬಹುದು. ತೊಂದ್ರಿ ಏನಂದ್ರ ನಿಂಟೆಂಡೊ ಭಾರತದಾಗ ಅಧಿಕೃತವಾಗಿ ಮಾರಂಗಿಲ್ಲ, ಬೆಂಗಳೂರು ಎಸ್‌ಪಿ ರೋಡು, ನ್ಯಾಷನಲ್ ಮಾರ್ಕೆಟ್ ಅಂತ ಹುಡುಕಬೇಕು, ಅಲ್ಲಿ ಅಂಗಡಿಯವ ಹೇಳಿದ್ದ ವಾರಂಟಿ. ಗೇಮ್ ರೇಟು ಇಳ್ಯೋದೂ ಅಪರೂಪ. ಮಕ್ಕಳಿರೋ ಮನಿಗೆ ಎರಡನೇ ಮಷೀನಾಗಿ ಭಾರಿ ಚಲೋ, ಮೊದಲನೇದಾಗಿ ನಾ ಕೊಡಿಸಂಗಿಲ್ಲ.

ಸೆಕೆಂಡ್ ಹ್ಯಾಂಡ್ ತಗೋಳೋದಾದ್ರ ಮಾರೋನ ಮನ್ಯಾಗ ಮಧ್ಯಾಹ್ನದ ಹೊತ್ನ್ಯಾಗ ಹೋಗ್ರಿ, ತಣ್ಣನ ಹೊತ್ನ್ಯಾಗ ಅಲ್ಲ. ಒಂದು ತೂಕದ ಗೇಮ್ ಹಚ್ಚಿ ಒಂದು ತಾಸು ಬಿಡ್ರಿ, ಬಂದ್ ಆಗ್ತೈತೋ, ಚಿತ್ರದಾಗ ಚುಕ್ಕಿ ಗೀಟು ಬರ್ತಾವೋ ನೋಡ್ರಿ. ಎಚ್‌ಡಿಎಂಐ ಪೋರ್ಟಿಗೆ ಮೊಬೈಲ್ ಟಾರ್ಚ್ ಬಿಟ್ಟು ಪಿನ್ ಬಾಗ್ಯಾವೋ ನೋಡ್ರಿ, ವೈರ್ ಎಳದಾಡಿ ಅದ ಮೊದಲ ಹಾಳಾಗೋದು. ಡಿಸ್ಕ್ ಹಾಕಿ ತಗದು ಎರಡು ಮೂರು ಸಲ ಮಾಡ್ರಿ. ಕಂಟ್ರೋಲರ್ ಕೆಳಗಿಟ್ಟು ಕೈ ಬಿಟ್ಟು ನೋಡ್ರಿ, ಆಟಗಾರ ತಾನಾ ನಡೀತಿದ್ರ ಡ್ರಿಫ್ಟ್, ರೇಟಿನ್ಯಾಗ ಹೊಸ ಕಂಟ್ರೋಲರಿನ ರೊಕ್ಕ ಹಿಡೀರಿ. ಬಾಕ್ಸಿನ ಮ್ಯಾಲಿನ ಸೀರಿಯಲ್ ನಂಬರು ಮಷೀನಿನ ಹಿಂದಿನ ನಂಬರಿಗೆ ತಾಳೆ ಆಗಬೇಕು. ಸ್ಕ್ರೂ ಮ್ಯಾಲ ಗೀರು ಇದ್ದು, ಯಾರೂ ಬಿಚ್ಚಿಲ್ಲ ಅಂತ ಅವ ಅಂದ್ರ ನಮಸ್ಕಾರ ಹೇಳಿ ಎದ್ದು ಬರ್ರಿ.